ಮೇಲೆ, ಮೇಲೆ, ಇನ್ನೊಂದು ಮೇಲೆ: ನೋಡ್ ಕೋಡಿನಲ್ಲಿ ವಿಳಾಸದ ಕಥೆ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಕಚೇರಿಯಲ್ಲಿ ಸರ್ವರ್ ಕೋಡ್ ಬರೆಯುವ ಐವರಲ್ಲಿ ಮೂವರು ಕನ್ನಡದವರು. ಆ ಕೋಡನ್ನು ಓಡಿಸುವುದು ನೋಡ್, ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೌಸರಿನ ಹೊರಗೆ ಓಡಿಸುವ ತಂತ್ರಾಂಶ. ಪರದೆಯ ಮೇಲೆ '../../../../' ಕಂಡರೆ ವಿಜಯಪುರದ ಗೆಳೆಯ ಅದರ ಮೇಲೆ ಬೆರಳಿಟ್ಟು, ಮಗ್ಗಿ ಒಪ್ಪಿಸುವ ಧಾಟಿಯಲ್ಲಿ "ಮೇಲೆ, ಮೇಲೆ, ಮೇಲೆ, ಇನ್ನೊಂದು ಮೇಲೆ" ಎಂದು ಎಣಿಸುತ್ತಾನೆ. ಮರಾಠಿಯಲ್ಲಿ 'ಮೇಲೆ' ಎಂದರೆ 'ಸತ್ತರು'. ಪಕ್ಕದ ಮೇಜಿನಿಂದ ತಪ್ಪದೆ ಪ್ರಶ್ನೆ ಬರುತ್ತದೆ: "ಕಿತೀ ಮೇಲೆ?" ಎಷ್ಟು ಜನ ಸತ್ತರು?

ಒಂದು ಫೈಲ್ ಇನ್ನೊಂದನ್ನು ಕರೆಯಲು ಬರೆಯುವ ವಿಳಾಸದಲ್ಲಿ ಎರಡು ಚುಕ್ಕೆ, ಒಂದು ಓರೆಗೆರೆ ಎಂದರೆ ಒಂದು ಫೋಲ್ಡರ್ ಮೇಲೆ ಹತ್ತು ಎಂದರ್ಥ. ಈ ವಿಳಾಸದ ಗುಣವೇ ದೋಷವೂ ಹೌದು. ಅದು ನಾನು ನಿಂತ ಜಾಗದಿಂದ ಹೇಳಿದ ದಾರಿ. 'ಇಲ್ಲಿಂದ ಎರಡು ಗಲ್ಲಿ ಹಿಂದೆ ಹೋಗಿ, ಮಾರುತಿ ಗುಡಿಯ ಎದುರು' ಎಂದು ಪೇಠೆಯಲ್ಲಿ ಹೇಳಿದಂತೆ. ಹೇಳಿದವನು ಮನೆ ಬದಲಿಸಿದರೆ ದಾರಿ ಕೆಟ್ಟಿತು, ಗುಡಿ ಇದ್ದಲ್ಲೇ ಇದ್ದರೂ.

ಜಾವಾಸ್ಕ್ರಿಪ್ಟಿಗೆ ಈ ಪದ್ಧತಿ ಬಂದದ್ದು 2009ರಲ್ಲಿ. ಅಲ್ಲಿಯವರೆಗೆ ಜಾವಾಸ್ಕ್ರಿಪ್ಟ್ ಬ್ರೌಸರಿನ ಭಾಷೆ. ಒಂದು ಫೈಲ್ ಇನ್ನೊಂದನ್ನು ಕರೆಯುವ ಸ್ವಂತ ವ್ಯವಸ್ಥೆ ಅದಕ್ಕೆ ಇರಲಿಲ್ಲ. ಬ್ರೌಸರಿನ ಹೊರಗಿನ ಜಾವಾಸ್ಕ್ರಿಪ್ಟಿಗೆ ಎಲ್ಲರೂ ಒಪ್ಪುವ ನಿಯಮ ಕಟ್ಟಲು ಆ ವರ್ಷದ ಜನವರಿಯಲ್ಲಿ ಪ್ರೋಗ್ರಾಮರ್ ಕೆವಿನ್ ಡ್ಯಾಂಗೂರ್ ಶುರು ಮಾಡಿದ ಸರ್ವರ್‌ಜೆಎಸ್ ಎಂಬ ಪ್ರಯತ್ನ ಕೆಲವೇ ತಿಂಗಳಲ್ಲಿ ಕಾಮನ್‌ಜೆಎಸ್ ಎಂದು ಹೆಸರು ಬದಲಿಸಿಕೊಂಡಿತು. ನವೆಂಬರಿನಲ್ಲಿ ರಯಾನ್ ಡಾಲ್ ಬರ್ಲಿನ್ನಿನ ಸಮ್ಮೇಳನದಲ್ಲಿ ತಾವು ಕಟ್ಟಿದ ನೋಡ್ ಅನ್ನು ತೋರಿಸಿದರು. ಫೈಲುಗಳನ್ನು ಕರೆಯಲು ನೋಡ್ ಬಳಸಿದ್ದು ಕಾಮನ್‌ಜೆಎಸ್‌ನ 'ರಿಕ್ವೈರ್' ಅನ್ನೇ.

ರಿಕ್ವೈರ್‌ಗೆ ಮುಖ್ಯವಾಗಿ ಎರಡು ಬಗೆಯ ಹೆಸರು ಅರ್ಥವಾಗುತ್ತದೆ. ಚುಕ್ಕೆಯಿಂದ ಶುರುವಾದರೆ ಈ ಫೈಲಿನಿಂದ ಹೊರಟು ಹುಡುಕು. ಬರಿಯ ಹೆಸರಾದರೆ ಈ ಫೋಲ್ಡರಿನಲ್ಲಿರುವ 'ನೋಡ್ ಮಾಡ್ಯೂಲ್ಸ್' (ಬೇರೆಯವರು ಬರೆದ ಸಿದ್ಧ ಕೋಡಿನ ಪ್ಯಾಕೇಜುಗಳನ್ನು ಇಡುವ ಫೋಲ್ಡರ್) ನೋಡು, ಇಲ್ಲದಿದ್ದರೆ ಮೇಲಿನದರಲ್ಲಿ, ಅಲ್ಲೂ ಇಲ್ಲದಿದ್ದರೆ ಅದರ ಮೇಲಿನದರಲ್ಲಿ, ಡಿಸ್ಕಿನ ಬುಡದವರೆಗೆ. ಓರೆಗೆರೆಯಿಂದಲೇ ಶುರು ಮಾಡಿದರೆ ನೇರ ಡಿಸ್ಕಿನ ಬುಡಕ್ಕೇ ಹೋಗುತ್ತದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. 'ನನ್ನ ಪ್ರಾಜೆಕ್ಟಿನ ಹೆಬ್ಬಾಗಿಲಿನಿಂದ' ಎಂದು ಹೇಳುವ ಮಾತೇ ಇರಲಿಲ್ಲ. ಮುಂದಿನ ಹತ್ತು ವರ್ಷಗಳ ಸರ್ಕಸ್ ಎಲ್ಲ ಆ ಒಂದು ಕೊರತೆಗಾಗಿ.

ಮೊದಲು ಎಲ್ಲೆಲ್ಲಿ ಹುಡುಕಬೇಕು ಎಂದು ಹೇಳುವ 'ರಿಕ್ವೈರ್ ಪಾತ್ಸ್' ಎಂಬ ಪಟ್ಟಿ ಇತ್ತು, ಅದನ್ನು ನೋಡ್ ತಂಡವೇ ಬೇಗ ಕಿತ್ತುಹಾಕಿತು. 'ನೋಡ್ ಪಾತ್' ಎಂಬ ಪರಿಸರ ಚರ, ಅಂದರೆ ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಮಾಹಿತಿ, ಉಳಿಯಿತು; ಆದರೆ ಅದು ಕೋಡಿನಲ್ಲಿ ಇರುವುದಿಲ್ಲ, ಸರ್ವರ್ ಚಾಲೂ ಮಾಡುವವನ ನೆನಪಿನಲ್ಲಿ ಇರಬೇಕು. ಕೆಲವರು ನೋಡ್ ಮಾಡ್ಯೂಲ್ಸ್ ಒಳಗೆ ತಮ್ಮದೇ ಫೋಲ್ಡರಿಗೆ ಕೊಂಡಿ ಹಾಕಿಟ್ಟರು. ಆ ಫೋಲ್ಡರನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದ ದಿನ ಕೊಂಡಿಯೂ ಮಾಯ.

2016ರಲ್ಲಿ ಟೈಪ್‌ಸ್ಕ್ರಿಪ್ಟ್ 2.0 ಬಂದಾಗ ಸಮಸ್ಯೆ ಮುಗಿಯಿತು ಎಂದೇ ಅನಿಸಿತ್ತು. ಕೋಡನ್ನು ಮೊದಲೇ ತಪಾಸಣೆ ಮಾಡಿ, ಆಮೇಲೆ ಜಾವಾಸ್ಕ್ರಿಪ್ಟಿಗೆ ಕಂಪೈಲ್ ಮಾಡಿಕೊಡುವ ಭಾಷೆ ಅದು. ಅದರ ಸಂರಚನಾ ಫೈಲಿನ 'ಪಾತ್ಸ್' ವಿಭಾಗದಲ್ಲಿ '@/' ಎಂದರೆ ಎಸ್‌ಆರ್‌ಸಿ ಫೋಲ್ಡರ್ (ನಾವು ಬರೆದ ಮೂಲ ಕೋಡ್ ಇರುವ ಜಾಗ) ಎಂದು ಬರೆದರೆ ಸಾಕು. ನಾವೂ ಬರೆದೆವು. ಒಂದು ಶುಕ್ರವಾರ ಸಂಜೆ ಬಿಲ್ಲಿಂಗ್ ಫೋಲ್ಡರನ್ನು ಒಂದು ಹಂತ ಒಳಗೆ ಸರಿಸಿ ಎಲ್ಲ ಚುಕ್ಕೆಗಳನ್ನು '@/' ಮಾಡಿದೆವು. ಎಡಿಟರಿನಲ್ಲಿ ಒಂದೂ ಕೆಂಪು ಗೆರೆ ಇಲ್ಲ. ಕಂಪೈಲ್ ಆಯಿತು. ಪರೀಕ್ಷೆಗಳು ಹಸಿರು. ಸರ್ವರಿಗೆ ಏರಿಸಿದ ಎರಡನೆಯ ಸೆಕೆಂಡಿಗೆ 'ಮಾಡ್ಯೂಲ್ ಸಿಗಲಿಲ್ಲ' ಎಂದು ಪ್ರೋಗ್ರಾಂ ಅಂಗಾತ ಬಿತ್ತು.

ಕಂಪೈಲ್ ಆಗಿ ಬಂದ ಫೈಲನ್ನು ತೆರೆದು ನೋಡಿದರೆ ಅಲ್ಲಿ '@/' ಹಾಗೆಯೇ ಕೂತಿತ್ತು. ಟೈಪ್‌ಸ್ಕ್ರಿಪ್ಟ್ ಆ ನಕಾಶೆಯನ್ನು ತನ್ನ ತಪಾಸಣೆಗೆ ಮಾತ್ರ ಬಳಸುತ್ತದೆ. ಹೊರಗೆ ಕೊಡುವ ಕೋಡಿನಲ್ಲಿ ವಿಳಾಸವನ್ನು ತಿದ್ದುವುದಿಲ್ಲ. ತಿದ್ದಬಾರದು ಎಂಬುದು ಅದನ್ನು ಕಟ್ಟಿದವರ ನಿಲುವು. ಪರೀಕ್ಷೆಗಳು ಪಾಸಾದದ್ದೇಕೆ? ಅವುಗಳನ್ನು ನಡೆಸುವ ಸಾಧನವಾದ ಜೆಸ್ಟ್‌ಗೆ ಬೇರೆಯದೇ ನಕಾಶೆ ಬರೆದುಕೊಟ್ಟಿದ್ದೆವು. ಎಡಿಟರ್, ಕಂಪೈಲರ್, ಪರೀಕ್ಷಕ ಮೂವರಿಗೂ ದಾರಿ ಗೊತ್ತು. ನಿಜವಾಗಿ ನಡೆಯಬೇಕಾದ ನೋಡ್‌ಗೆ ಮಾತ್ರ ಯಾರೂ ಹೇಳಿರಲಿಲ್ಲ. ಮದುವೆಗೆ ಊರನ್ನೆಲ್ಲ ಕರೆದು ಪುರೋಹಿತರನ್ನು ಮರೆತ ಹಾಗೆ. ಈ ಕಂದಕ ದಾಟಿಸುವ 'ಮಾಡ್ಯೂಲ್ ಅಲಿಯಾಸ್', 'ಟಿಎಸ್‌ಕಾನ್ಫಿಗ್ ಪಾತ್ಸ್' ಮುಂತಾದ ಪ್ಯಾಕೇಜುಗಳಿವೆ, ಕೆಲಸವನ್ನೂ ಮಾಡುತ್ತವೆ. ಆದರೆ ವಿಳಾಸ ಓದುವುದಕ್ಕೇ ಇನ್ನೊಂದು ಪ್ಯಾಕೇಜನ್ನು ನೆಚ್ಚಿಕೊಳ್ಳುವುದು ನನಗೆ ಹಿಡಿಸುವುದಿಲ್ಲ.

ಇದರ ನಡುವೆ 2015ರ ಭಾಷಾ ಮಾನದಂಡದಲ್ಲಿ ಫೈಲುಗಳನ್ನು ಕರೆಯುವ ಹೊಸ ಮಾತು 'ಇಂಪೋರ್ಟ್' ಅಧಿಕೃತವಾಯಿತು. ನೋಡ್ ಅದನ್ನು ಒಳಗೊಳ್ಳಲು ವರ್ಷಗಳೇ ಹಿಡಿದವು. ಒಳಗೊಂಡಾಗ, ಅಕ್ಕಪಕ್ಕದ ಫೈಲುಗಳನ್ನು ಕರೆಯುವಾಗ '.ಜೆಎಸ್' ಎಂಬ ಬಾಲ ಕಡ್ಡಾಯವಾಯಿತು. ಹಳೆಯ 'ನೋಡ್ ಪಾತ್' ಕೂಡ ಇಂಪೋರ್ಟ್‌ಗೆ ಲೆಕ್ಕಕ್ಕಿಲ್ಲ. ಬಾಲ ಕಡ್ಡಾಯವೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ 2018ರಲ್ಲಿ ಅದೇ ಬರ್ಲಿನ್ನಿನಲ್ಲಿ ಡಾಲ್ ತಮ್ಮ ಪಶ್ಚಾತ್ತಾಪಗಳನ್ನು ಎಣಿಸಿದಾಗ, ಬಾಲವಿಲ್ಲದ ರಿಕ್ವೈರ್, ಫೋಲ್ಡರಿನ ಹೆಸರಷ್ಟೇ ಕೊಟ್ಟರೆ ಅದರೊಳಗಿನ ಇಂಡೆಕ್ಸ್ ಫೈಲನ್ನು ತಾನಾಗಿ ಹುಡುಕುವುದು, ನೋಡ್ ಮಾಡ್ಯೂಲ್ಸ್ ಮೂರೂ ಪಟ್ಟಿಯಲ್ಲಿದ್ದವು. ಹಡೆದವರೇ ಹಾಗೆಂದ ಮೇಲೆ ಗೊಣಗುವುದೇನು!

ಕೊನೆಗೆ 2020ರಲ್ಲಿ ನೋಡ್ 14ರ ಸಾಲಿನಲ್ಲಿ ಉತ್ತರ ಬಂತು. ಪ್ರಾಜೆಕ್ಟಿನ ವಿವರಗಳನ್ನು ಬರೆದಿಡುವ ಪ್ಯಾಕೇಜ್ ಜೇಸನ್ ಫೈಲಿನಲ್ಲಿ 'ಇಂಪೋರ್ಟ್ಸ್' ಎಂಬ ವಿಭಾಗ; ಅಲ್ಲಿ '#' ಇಂದ ಶುರುವಾಗುವ ಹೆಸರಿಗೆ ಫೋಲ್ಡರ್ ಗುರುತಿಸಬಹುದು. '@' ಯಾಕಲ್ಲ ಎಂದರೆ, ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಎನ್‌ಪಿಎಂನಲ್ಲಿ ಸಂಸ್ಥೆಗಳ ಪ್ಯಾಕೇಜುಗಳು 2014ರಿಂದಲೇ '@' ಹಿಡಿದುಕೊಂಡಿವೆ. '#' ಇಂದ ಯಾವ ಪ್ಯಾಕೇಜಿನ ಹೆಸರೂ ಶುರುವಾಗುವಂತಿಲ್ಲ, ಹಾಗಾಗಿ ಗೊಂದಲಕ್ಕೆ ಎಡೆಯಿಲ್ಲ. ಮುಖ್ಯವಾಗಿ, ಈ ನಕಾಶೆಯನ್ನು ಓದುವವನು ಸ್ವತಃ ನೋಡ್. 2022ರಲ್ಲಿ ಟೈಪ್‌ಸ್ಕ್ರಿಪ್ಟ್ 4.7 ಇದನ್ನು ಓದಲು ಕಲಿಯಿತು, ಜೆಸ್ಟ್ ಕೂಡ ಆಮೇಲೆ ಕಲಿಯಿತು.

ನಾವು ಬದಲಿಸಲು ಎರಡು ದಿನ ಹಿಡಿಯಿತು. ಮೊದಲ ದಿನ ನಕಾಶೆಯಲ್ಲಿ ಎಸ್‌ಆರ್‌ಸಿ ಫೋಲ್ಡರ್ ತೋರಿಸಿ ಎಡವಿದೆವು. ನೋಡ್ ಓಡಿಸುವುದು ಕಂಪೈಲ್ ಆದ ಡಿಸ್ಟ್ ಫೋಲ್ಡರನ್ನು, ಅದನ್ನೇ ತೋರಿಸಬೇಕು. ಎರಡನೆಯ ದಿನ ಒಂದೇ ಫೈಲ್ ಸಿಗಲಿಲ್ಲ. ಬೆಳಗಾವಿಯ ಗೆಳತಿ ಅರ್ಧ ಗಂಟೆ ನೋಡಿ ಕಂಡುಹಿಡಿದಳು: ಹೆಸರಿನ ಮೊದಲ ಅಕ್ಷರ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು. ನಮ್ಮ ಮ್ಯಾಕ್‌ಗಳಿಗೆ ಎರಡೂ ಒಂದೇ, ಸರ್ವರಿನ ಲಿನಕ್ಸ್‌ಗೆ ಅಲ್ಲ. ಇದಕ್ಕೆ ಯಾವ ನಕಾಶೆಯೂ ಮದ್ದಲ್ಲ.

ಒಂದೇ ಫೋಲ್ಡರಿನ ಫೈಲುಗಳಲ್ಲಿ './' ಅನ್ನು ಹಾಗೆಯೇ ಬಿಟ್ಟಿದ್ದೇವೆ. ಪಕ್ಕದ ಮನೆಗೆ ಪಿನ್ ಕೋಡ್ ಯಾಕೆ? ಹಳೆಯ ವರದಿಗಳ ಫೋಲ್ಡರಿನಲ್ಲಿ ಮಾತ್ರ ಇನ್ನೂ ನಾಲ್ಕು 'ಮೇಲೆ' ಇರುವ ಸಾಲುಗಳು ಉಳಿದಿವೆ. ಅದನ್ನು ಬರೆದವನು ಕೆಲಸ ಬಿಟ್ಟು ಹೋಗಿದ್ದಾನೆ, ಮುಟ್ಟಲು ಯಾರೂ ತಯಾರಿಲ್ಲ.