ಅಗುಳಿಗೆ ಯಾರ ಗುರುತೂ ಇಲ್ಲ

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ, ಹಾಸನದಲ್ಲಿ ನಮ್ಮ ದೊಡ್ಡಮ್ಮ ಅಡುಗೆಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಏಳುವುದಕ್ಕೆ ಆಗಲಿಲ್ಲ. ಆದರೆ ಪ್ರಜ್ಞೆ ಇತ್ತು, ಕೂಗಿದರು. ಪಕ್ಕದ ಮನೆಯ ಟೀಚರ್‌ಗೆ ಕೂಗು ಕೇಳಿಸಿತು. ಅವರ ಹತ್ತಿರ ದೊಡ್ಡಮ್ಮನ ಮನೆಯ ಡೂಪ್ಲಿಕೇಟ್ ಕೀ ಇತ್ತು. ಇಂಥ ಹೊತ್ತಿಗೆ ಬೇಕಾಗುತ್ತದೆ ಎಂದೇ ಕೊಟ್ಟಿದ್ದು. ಅವರು ಓಡಿ ಬಂದು ಹೊರಗಿನ ಸ್ಟೀಲ್ ಸೇಫ್ಟಿ ಡೋರ್‌ಗೆ ಕೀ ಹಾಕಿದರು. ಅದು ಪೂರ್ತಿ ಒಳಗೆ ಹೋಗಲೇ ಇಲ್ಲ. ದೊಡ್ಡಮ್ಮ ರಾತ್ರಿ ಒಳಗಿನಿಂದ ಲಾಕ್ ಮಾಡಿ, ಕೀಯನ್ನು ಅಲ್ಲೇ ಬಿಟ್ಟು ಮಲಗಿದ್ದರು.

108 ಬೇಗನೆ ಬಂತು. ಬಂದು ಗೇಟಿನ ಮುಂದೆ ನಿಂತಿತು. ವೆಲ್ಡಿಂಗ್ ಅಂಗಡಿಯ ಹುಡುಗ ಗ್ರೈಂಡರ್ ತಂದ, ಆದರೆ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಸ್ಟೀಲ್ ಬಾಗಿಲು ಕತ್ತರಿಸಿದರೆ, ಹಿಂದೆ ತೇಗದ ಬಾಗಿಲು. ಅದಕ್ಕೆ ಮೇಲೊಂದು ಕೆಳಗೊಂದು ಟವರ್ ಬೋಲ್ಟ್. ಆಚಾರ್ರು ಬಂದು ಉಳಿಯಲ್ಲಿ ಹಲಗೆ ಬಿಡಿಸಿ, ಕೈ ತೂರಿಸಿ ಬೋಲ್ಟ್ ಎಳೆದರು. ಎಲ್ಲ ಸೇರಿ 1 ಗಂಟೆ 50 ನಿಮಿಷ. ಅಷ್ಟು ಹೊತ್ತೂ ದೊಡ್ಡಮ್ಮ ತಣ್ಣನೆಯ ನೆಲದ ಮೇಲೆ ಬಿದ್ದಿದ್ದರು, ಎಲ್ಲರಿಗೂ ಅವರ ದನಿ ಕೇಳಿಸುತ್ತಿತ್ತು.

ಆ ಬಾಗಿಲು ಹಾಕಿಸಿದ್ದು ನಾವೇ. ಪಕ್ಕದ ಬೀದಿಯಲ್ಲಿ ಒಂದು ಕಳ್ಳತನ ಆದ ಮೇಲೆ, ಬೆಂಗಳೂರಿನಲ್ಲಿರುವ ಅವರ ಮಗನೂ ನಾನೂ ಸೇರಿ ಆರಿಸಿದ್ದು. ಅಂಗಡಿಯಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಒಡೆಯೋದಕ್ಕೆ ಆಗುತ್ತಾ? ಒಡೆಯಬೇಕಾದವರು ನಾವೇ ಆದರೆ ಏನು ಮಾಡೋದು ಅಂತ ಕೇಳಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿದೆ. ಬಾಗಿಲಿಗೆ ಕಣ್ಣಿಲ್ಲ. ಕಳ್ಳ ಬಂದರೂ ಪಕ್ಕದ ಮನೆಯ ಟೀಚರ್ ಬಂದರೂ ಅದಕ್ಕೆ ಒಂದೇ. ಹಾಗಿದ್ದರೆ ಬಾಗಿಲ ಮುಂದೆ ನಿಂತ ಈ ಇಬ್ಬರಲ್ಲಿ ವ್ಯತ್ಯಾಸ ಎಲ್ಲಿದೆ? ಕಳ್ಳನಿಗೆ ಸದ್ದು ಆಗಬಾರದು, ಯಾರೂ ನೋಡಬಾರದು. ನೆರವಿಗೆ ಬಂದವರು ಎಷ್ಟು ಸದ್ದು ಬೇಕಾದರೂ ಮಾಡಬಹುದು, ಹತ್ತು ಜನರನ್ನು ಕೂಗಬಹುದು, ಆದರೆ ಅವರಿಗೆ ಸಮಯ ಇಲ್ಲ. ಮುಖ್ಯವಾದ ಇನ್ನೊಂದು ವ್ಯತ್ಯಾಸವನ್ನು ನಾವೇ ಮೊದಲು ಮಾಡಿಡಬಹುದು. ಅದು ಗುರುತು. ಕೀ ಇರಬಹುದು, ಒಂದು ಸಂಖ್ಯೆ ಇರಬಹುದು. ಅದನ್ನು ತೋರಿಸಿದವರಿಗೆ ಮಾತ್ರ ಬಾಗಿಲು ತೆರೆಯಬೇಕು.

ಬೀಗ ಎನ್ನುವುದು ಹುಟ್ಟಿದ್ದೇ ಇದಕ್ಕಾಗಿ. ಈಗಿನ ಬಹುಪಾಲು ಮನೆಗಳ ಲಾಕ್ ಒಳಗೆ ಪುಟ್ಟ ಪುಟ್ಟ ಲೋಹದ ಪಿನ್‌ಗಳು ಸ್ಪ್ರಿಂಗಿನ ಕೆಳಗೆ ಸಾಲಾಗಿ ನಿಂತಿರುತ್ತವೆ. ಒಂದೊಂದು ಪಿನ್ ಕೂಡ ಎರಡು ತುಂಡು. ಸರಿಯಾದ ಕೀಯ ಹಲ್ಲುಗಳು ಪ್ರತಿ ಪಿನ್ನನ್ನೂ ಬೇಕಾದಷ್ಟೇ ಎತ್ತುತ್ತವೆ. ಆಗ ಎರಡು ತುಂಡು ಸೇರುವ ಜಾಗಗಳೆಲ್ಲ ಒಂದೇ ಗೆರೆಗೆ ಬಂದು, ಸಿಲಿಂಡರ್ ತಿರುಗುತ್ತದೆ. ಒಂದು ಪಿನ್ ಕೂದಲೆಳೆ ಜಾಸ್ತಿ ಎದ್ದರೂ ತಿರುಗುವುದಿಲ್ಲ. ಈ ರೂಪವನ್ನು ಪಕ್ಕಾ ಮಾಡಿ 1861ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಲೈನಸ್ ಯೇಲ್ ಜೂನಿಯರ್. ಆದರೆ ಪಿನ್ ಎತ್ತಿ ತೆರೆಯುವ ಉಪಾಯ ಅವನಿಗಿಂತ ಸಾವಿರಾರು ವರ್ಷ ಹಳೆಯದು. ಪ್ರಾಚೀನ ಈಜಿಪ್ಟಿನವರು ಮರದ ಗೂಟಗಳಲ್ಲೇ ಅದನ್ನು ಮಾಡುತ್ತಿದ್ದರು. 5 ಪಿನ್ ಇದ್ದು, ಒಂದೊಂದಕ್ಕೂ 6 ಬೇರೆ ಬೇರೆ ಎತ್ತರ ಸಾಧ್ಯ ಎಂದಿಟ್ಟುಕೊಳ್ಳಿ. ಆರನ್ನು ಐದು ಸಲ ಗುಣಿಸಿದರೆ 7,776. ಅಂದರೆ ನಿಮ್ಮ ಕೀ 7,776ರಲ್ಲಿ ಒಂದು. ಲಾಕ್ ಗುರುತು ಹಿಡಿಯುವುದು ಈ ಸಂಖ್ಯೆಯ ಬಲದಿಂದ.

ಈಗ ಟವರ್ ಬೋಲ್ಟ್ ನೋಡಿ. ಅಗುಳಿ ಎನ್ನಿ, ಚಿಲಕ ಎನ್ನಿ, ಆಲ್ಡ್ರಾಪ್ ಎನ್ನಿ. ಇಲ್ಲಿ ಯಾವ ಲೆಕ್ಕವೂ ಇಲ್ಲ. ಒಂದು ಕಬ್ಬಿಣದ ಸರಳು ತೂತಿನೊಳಗೆ ಕೂತಿದೆ, ಅಷ್ಟೆ. ಹೊರಗಿನಿಂದ ಅದನ್ನು ಯಾರೂ ತೆರೆಯಲಾರರು. ಕಳ್ಳನೂ ಇಲ್ಲ, ಮನೆಯ ಯಜಮಾನನೂ ಇಲ್ಲ. ನಾವು ಬೀಗಕ್ಕಿಂತ ಅಗುಳಿಯನ್ನೇ ಜಾಸ್ತಿ ನಂಬುತ್ತೇವೆ, ಅಲ್ವಾ? ಮಲಗುವ ಮುಂಚೆ "ಮೇಲಿನ ಬೋಲ್ಟ್ ಹಾಕಿದೆಯಾ?" ಎಂದು ಕೇಳದ ಮನೆ ಇಲ್ಲ. ಮನೆ ತುಂಬ ಜನ ಇದ್ದ ಕಾಲದಲ್ಲಿ ಅದು ಸರಿಯೇ. ಒಬ್ಬರು ಬಿದ್ದರೆ ಇನ್ನೊಬ್ಬರು ಎದ್ದು ಅಗುಳಿ ತೆಗೆಯುತ್ತಿದ್ದರು. ಈಗ ಹಾಸನದ, ಚಿಕ್ಕಮಗಳೂರಿನ ಎಷ್ಟೋ ಮನೆಗಳಲ್ಲಿ ಒಳಗೆ ಇರುವುದು ಒಬ್ಬರೇ ಅಥವಾ ವಯಸ್ಸಾದ ಗಂಡ ಹೆಂಡತಿ. ಅಗುಳಿ ಹಳೆಯದೇ, ಅದನ್ನು ತೆಗೆಯುವ ಎರಡನೇ ಕೈ ಇಲ್ಲ.

ಕೀ ಇದ್ದೂ ಟೀಚರ್‌ಗೆ ಬಾಗಿಲು ತೆಗೆಯಲು ಆಗಲಿಲ್ಲವಲ್ಲ, ಅದರ ಕಾರಣವೂ ಸರಳ. ಎರಡೂ ಕಡೆ ಕೀ ಹಾಕುವ ಸಾಮಾನ್ಯ ಸಿಲಿಂಡರ್‌ನಲ್ಲಿ ನಡುವೆ ಒಂದು ಸಣ್ಣ ಕೊಂಡಿ ಇರುತ್ತದೆ. ಯಾವ ಕಡೆಯಿಂದ ಕೀ ಹೋಗುತ್ತದೋ ಆ ಕಡೆಗೆ ಅದು ಜೋಡಿಕೊಳ್ಳುತ್ತದೆ. ಒಳಗೆ ಕೀ ಕೂತಿದ್ದರೆ ಕೊಂಡಿ ಅದರ ವಶದಲ್ಲಿರುತ್ತದೆ, ಹೊರಗಿನ ಕೀಗೆ ಕೊನೆಯವರೆಗೆ ನುಗ್ಗಲು ಜಾಗ ಸಿಗುವುದಿಲ್ಲ. ಒಳಗೆ ಕೀ ಇದ್ದರೂ ಹೊರಗಿನಿಂದ ತೆರೆಯುವಂಥ ಸಿಲಿಂಡರ್‌ಗಳೂ ಇವೆ. ಅವುಗಳ ಕೊಂಡಿಯನ್ನೇ ಬೇರೆ ತರಹ ಮಾಡಿರುತ್ತಾರೆ. ಬಾಗಿಲು ಕೊಳ್ಳುವಾಗ ಬಾಯಿಬಿಟ್ಟು ಕೇಳಬೇಕು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ.

ಸಮಯ ಯಾಕೆ ಇಷ್ಟು ಮುಖ್ಯ? 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ರಾಜ್ಯದಲ್ಲೆಲ್ಲ ಹರಡಿ, ಸರ್ಕಾರ ತಜ್ಞರ ಸಮಿತಿ ಮಾಡಿದ್ದು ನೆನಪಿರಬಹುದು. ಆಗ ನಮ್ಮ ಊರಿನಲ್ಲಿ ಎಲ್ಲರೂ ಇಸಿಜಿ ಬಗ್ಗೆ ಮಾತಾಡಿದರು. ಬಾಗಿಲ ಬಗ್ಗೆ ಯಾರೂ ಮಾತಾಡಲಿಲ್ಲ. ಹೃದಯ ನಿಂತರೆ, ಎದೆ ಒತ್ತುವವರು ಇಲ್ಲದಿದ್ದರೆ, ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು ಶುರುವಾಗುತ್ತದೆ. ಪಾರ್ಶ್ವವಾಯು ಆದರೆ ರಕ್ತದ ಗಡ್ಡೆ ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಮೂಡಿಗೆರೆ ಕಡೆಯ ತೋಟದ ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯೇ ಅದರಲ್ಲಿ ಒಂದು ಭಾಗ ತಿನ್ನುತ್ತದೆ. ಸುಮ್ಮನೆ ಬಿದ್ದು ಏಳಲಾಗದೆ ಗಂಟೆಗಟ್ಟಲೆ ನೆಲದಲ್ಲಿದ್ದರೂ ಅಪಾಯವೇ. ಮೈಭಾರ ಬಿದ್ದ ಸ್ನಾಯುಗಳು ನಜ್ಜಾಗಿ, ಅವುಗಳಿಂದ ಹೊರಬಂದ ಪ್ರೋಟೀನ್ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ದೊಡ್ಡಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರ್ ಮೊದಲು ಕೇಳಿದ್ದು ಇದನ್ನೇ: ಎಷ್ಟು ಹೊತ್ತು ಬಿದ್ದಿದ್ದರು?

ಇನ್ನು ಒಳಗಿನಿಂದ ಹೊರಗೆ ಬರುವ ಮಾತು. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್ಲೆಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಇಟ್ಟಿದ್ದ ಪ್ರದರ್ಶನವೊಂದು ಮುಗಿಯಿತು. ಬಹುಮಾನ ಹಂಚುತ್ತಾರೆ ಎಂದು ಕೇಳಿ ಮೇಲಿನ ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಬ್ಬೊಬ್ಬರೇ ದಾಟುವಷ್ಟು ಮಾತ್ರ ತೆರೆದು, ಅಲ್ಲಿಗೇ ಬೋಲ್ಟ್ ಹಾಕಿತ್ತು. ಹಿಂದಿನವರು ತಳ್ಳಿದಂತೆ ಮುಂದಿನವರು ಸಿಕ್ಕಿಕೊಂಡರು. 183 ಮಕ್ಕಳು ಸತ್ತರು. ಅಲ್ಲಿ ಬೆಂಕಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಬರೀ ಒಂದು ಬೋಲ್ಟ್. ಈ ದುರಂತದ ನಂತರ ರಾಬರ್ಟ್ ಬ್ರಿಗ್ಸ್ ಎಂಬಾತ ಮೈಯಿಂದ ಒತ್ತಿದರೆ ಸಾಕು ತೆರೆಯುವ ಬೋಲ್ಟ್ ಮಾಡಿ 1892ರಲ್ಲಿ ಪೇಟೆಂಟ್ ಪಡೆದ. ಇಂದು ಸಿನಿಮಾ ಮಂದಿರ, ಮಾಲ್‌ಗಳ ಹೊರಬಾಗಿಲಲ್ಲಿ ಅಡ್ಡಕ್ಕೆ ಇರುವ ಸರಳು ಅದರದೇ ಸಂತತಿ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ, ತುರ್ತಿನಲ್ಲಿ ಹೊರಗೆ ಹೋಗುವ ಬಾಗಿಲು ಒಳಗಿನವರಿಗೆ ಕೀ ಇಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ.

ಮನೆಗೂ ನಾನು ಇದನ್ನೇ ಹೇಳುತ್ತೇನೆ. ಒಳಗಿನಿಂದ ತಿರುಗಿಸುವ ಗುಬುಟು, ಹೊರಗಿನಿಂದ ಕೀ. ಇದಕ್ಕಿಂತ ಸರಿಯಾದ ಜೋಡಿ ಇಲ್ಲ. ಗುಬುಟು ಇದ್ದರೆ ಒಳಗೆ ಕೀ ಬಿಡುವ ಪ್ರಶ್ನೆಯೇ ಬರುವುದಿಲ್ಲ. ಹೊಗೆ ತುಂಬಿದ ಕತ್ತಲಲ್ಲಿ ಕೀ ಹುಡುಕುವ ಕಷ್ಟವೂ ಇಲ್ಲ. ಆದರೆ ಒಂದು ಎಚ್ಚರ ಬೇಕು. ಸೇಫ್ಟಿ ಡೋರ್‌ನಲ್ಲಿ ಗ್ರಿಲ್ ಇದ್ದರೆ ಕಳ್ಳ ಅದರ ಸಂದಿಯಿಂದ ಕೈ ತೂರಿಸಿ ಗುಬುಟು ತಿರುಗಿಸಬಹುದು. ಲಾಕಿನ ಸುತ್ತ ಕೈ ಎಟುಕದಷ್ಟು ಅಗಲಕ್ಕೆ ತಗಡು ಬೆಸುಗೆ ಹಾಕಿಸಬೇಕು. ನಾವು ಹಾಗೇ ಮಾಡಿದೆವು. ವರಾಂಡದ ಕೊಲಾಪ್ಸಿಬಲ್ ಗೇಟಿಗೆ ಒಳಗಿನಿಂದ ನವತಾಲ್ ಬೀಗ ಜಡಿದು, ಕೀಯನ್ನು ದಿಂಬಿನ ಕೆಳಗೆ ಇಟ್ಟು ಮಲಗುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಎಲ್ಲ ಕಿಟಕಿಗೂ ಗಟ್ಟಿ ಗ್ರಿಲ್ ಇರುವ ಮನೆಯಲ್ಲಿ ಅದೊಂದೇ ದಾರಿ. ಮಲಗುವ ಕೋಣೆಯ ಒಂದು ಗ್ರಿಲ್ ಆದರೂ ಒಳಗಿನಿಂದ ತೆರೆಯುವಂತಿರಲಿ.

ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎನ್ನುವುದೂ ದೊಡ್ಡ ವಿಷಯ. ಹೊರಗೆ ತೆರೆಯುವ ಸೇಫ್ಟಿ ಡೋರ್ ಅನ್ನು ಒದ್ದರೆ ಅದು ತನ್ನದೇ ಚೌಕಟ್ಟಿಗೆ ಒರಗುತ್ತದೆ. ಒದೆತದ ಬಲವನ್ನೆಲ್ಲ ಚೌಕಟ್ಟು, ಗೋಡೆ ತೆಗೆದುಕೊಳ್ಳುತ್ತವೆ. ಒಳಗೆ ತೆರೆಯುವ ಬಾಗಿಲಲ್ಲಿ ಅಷ್ಟೂ ಬಲ ಬೋಲ್ಟಿನ ಮೇಲೆ, ಅದನ್ನು ಹಿಡಿದ ನಾಲ್ಕು ಸ್ಕ್ರೂಗಳ ಮೇಲೆ ಬೀಳುತ್ತದೆ. ಬಚ್ಚಲುಮನೆಗೆ ಬಂದರೆ ಇದೇ ಮಾತು ಬೇರೆ ರೂಪದಲ್ಲಿ ಬರುತ್ತದೆ. ಬಚ್ಚಲ ಬಾಗಿಲು ಸಾಮಾನ್ಯವಾಗಿ ಒಳಗೆ ತೆರೆಯುತ್ತದೆ, ಜಾಗ ಕಿರಿದು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಬೋಲ್ಟ್ ಮುರಿದರೂ ತಳ್ಳಲು ಆಗುವುದಿಲ್ಲ, ತಳ್ಳಿದರೆ ಅವರಿಗೇ ಪೆಟ್ಟು.

ಚಳಿಯ ಊರುಗಳಲ್ಲಿ ಇದು ಇನ್ನೂ ಮುಖ್ಯ. ಚಿಕ್ಕಮಗಳೂರಿನ ಕಡೆ ಬಿಸಿನೀರಿಗೆ ಗ್ಯಾಸ್ ಗೀಸರ್ ಇಟ್ಟವರು ಬಹಳ. ಚಳಿ ಎಂದು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುತ್ತಿದ್ದವರು ತಲೆ ಸುತ್ತಿ ಬೀಳುತ್ತಾರೆ, ಬೋಲ್ಟ್ ಒಳಗೆ ಹಾಕಿರುತ್ತದೆ. ಗೀಸರ್ ಹೊರಗೋಡೆಗೆ ಹೋಗಬೇಕು, ಇದರಲ್ಲಿ ಎರಡು ಮಾತಿಲ್ಲ. ಬಾಗಿಲು ಹೊರಕ್ಕೆ ತೆರೆಯುವಂತೆ ಕೀಲು ತಿರುಗಿಸಿ ಹಾಕಿಸಬೇಕು. ಬೋಲ್ಟಿನ ಬದಲು, ಹೊರಗಿನಿಂದ ನಾಣ್ಯದಲ್ಲಿ ತಿರುಗಿಸುವ ಗೀರು ಇರುವ ಲಾಕ್ ಹಾಕಿಸಬೇಕು. ಮರ್ಯಾದೆಗೆ ಒಳಗಿನ ಲಾಕ್ ಇದ್ದೇ ಇರುತ್ತದೆ, ಅವಸರಕ್ಕೆ 1 ರೂಪಾಯಿ ನಾಣ್ಯ ಸಾಕು.

ಡಿಜಿಟಲ್ ಲಾಕ್ ಹಾಕಿಸಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಒಂಟಿ ಮನೆಗೆ ಅದು ಒಳ್ಳೆಯದು ಎಂದೇ ನನ್ನ ಅನಿಸಿಕೆ. ಯಾಕೆಂದರೆ ಕೀಯನ್ನು ಫೋನಿನಲ್ಲಿ ಕಳಿಸಲು ಆಗುವುದಿಲ್ಲ, ಸಂಖ್ಯೆಯನ್ನು ಹೇಳಬಹುದು. ಬೆಂಗಳೂರಿನಲ್ಲಿರುವ ಮಗ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ಗೆ ಆರು ಅಂಕಿ ಹೇಳಿದರೆ ಬಾಗಿಲು ತೆರೆಯುತ್ತದೆ, ನಾಳೆ ಆ ಅಂಕಿ ಬದಲಾಯಿಸಬಹುದು. ಆರು ಅಂಕಿ ಎಂದರೆ 10 ಲಕ್ಷ ಸಾಧ್ಯತೆ. ಕೆಲವು ಸಲ ತಪ್ಪು ಒತ್ತಿದರೆ ಲಾಕ್ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಹಾಗಾಗಿ ಕಳ್ಳ ಒಂದೊಂದೇ ಒತ್ತಿ ನೋಡಲಾರ. ಮೊಬೈಲ್ ಆ್ಯಪ್‌ನಿಂದಲೇ ತೆರೆಯುತ್ತೇನೆ ಎಂದು ಮಾತ್ರ ನಂಬಿ ಕೂರಬೇಡಿ. ಮಲೆನಾಡಿನ ಮಳೆಯಲ್ಲಿ ನೆಟ್‌ವರ್ಕ್ ಮೊದಲು ಹೋಗುತ್ತದೆ.

ಕರೆಂಟ್ ಹೋದರೆ? ಆಫೀಸಿನ ಗಾಜಿನ ಬಾಗಿಲ ಮೇಲಿನ ವಿದ್ಯುತ್ ಅಯಸ್ಕಾಂತ ಕರೆಂಟ್ ನಿಂತ ಕ್ಷಣ ಬಿಟ್ಟುಕೊಡುತ್ತದೆ. ಅದನ್ನು ಫೇಲ್ ಸೇಫ್ ಎನ್ನುತ್ತಾರೆ. ಮನೆಯ ಡಿಜಿಟಲ್ ಲಾಕ್ ಸಾಮಾನ್ಯವಾಗಿ ಸಣ್ಣ ಸೆಲ್‌ಗಳಲ್ಲಿ ನಡೆಯುತ್ತದೆ, ಸೆಲ್ ಮುಗಿದರೂ ಬೋಲ್ಟ್ ಹಾಕಿದಂತೆಯೇ ಇರುತ್ತದೆ. ಅದು ಫೇಲ್ ಸೆಕ್ಯೂರ್. ಒಳಗಿನವರು ಹಿಡಿ ತಿರುಗಿಸಿ ಬರಬಹುದು, ಹೊರಗಿನವರಿಗೆ ದಾರಿ ಬೇಕು. ಹಲವು ಲಾಕ್‌ಗಳಲ್ಲಿ 9 ವೋಲ್ಟ್ ಬ್ಯಾಟರಿ ತಾಗಿಸುವ ಎರಡು ಬಿಂದು ಅಥವಾ ಚಾರ್ಜರ್ ಚುಚ್ಚುವ ಕಿಂಡಿ ಹೊರಗೆ ಇರುತ್ತದೆ. ಜೊತೆಗೆ ಮಾಮೂಲಿ ಕೀಯ ತೂತು ಇರುವುದನ್ನೇ ಕೊಳ್ಳಿ. ಕೆಲವದರಲ್ಲಿ ಒಳಗಿನಿಂದ ಒಂದು ಗುಂಡಿ ಒತ್ತಿದರೆ ಹೊರಗಿನ ಸಂಖ್ಯೆ ಕೆಲಸವೇ ಮಾಡುವುದಿಲ್ಲ. ಅಲ್ಲಿಗೆ ಅದೂ ಒಂದು ಅಗುಳಿ ಆಯಿತು. ಆ ಗುಂಡಿಯನ್ನು ಮುಟ್ಟಬಾರದು ಎಂದು ಮನೆಯಲ್ಲಿ ಹೇಳಿಡಬೇಕು.

ದೊಡ್ಡಮ್ಮ ಈಗ ವಾಕರ್ ಹಿಡಿದು ಓಡಾಡುತ್ತಾರೆ. ತೇಗದ ಬಾಗಿಲಿನ ಎರಡೂ ಟವರ್ ಬೋಲ್ಟ್ ತೆಗೆಸಿ, ಗಟ್ಟಿ ನಾಲಿಗೆಯ ಲಾಕ್ ಹಾಕಿಸಿದೆವು. ಅದಕ್ಕೆ ಹೊರಗೆ ಕೀ, ಒಳಗೆ ಗುಬುಟು. ನಾಲಿಗೆ ಕೂರುವ ಪಟ್ಟಿಗೆ ಆಚಾರ್ರು ಮೂರು ಇಂಚಿನ ಸ್ಕ್ರೂ ಬಿಟ್ಟರು, ಒಂದಿಂಚಿನದಾದರೆ ಒದೆತಕ್ಕೆ ಚೌಕಟ್ಟಿನ ಅಂಚೇ ಸೀಳಿಕೊಂಡು ಬರುತ್ತದೆ. ಬೋಲ್ಟ್ ಇಲ್ಲದೆ ನಿದ್ದೆ ಬರಲ್ಲ ಮಗಾ ಎಂದು ದೊಡ್ಡಮ್ಮ ಮೊದಲ ವಾರ ಬೇಜಾರು ಮಾಡಿಕೊಂಡರು. ಒಂದು ಭಾನುವಾರ ಎಲ್ಲ ಲಾಕ್ ಹಾಕಿ ಅವರನ್ನು ಒಳಗೆ ಕೂರಿಸಿ, ಟೀಚರ್ ಕೈಗೆ ಕೀ ಕೊಟ್ಟು ಗಡಿಯಾರ ಹಿಡಿದು ನಿಂತೆವು. ಎರಡೂ ಬಾಗಿಲು ದಾಟಿ ಅಡುಗೆಮನೆ ಸೇರಲು ಅವರಿಗೆ ಹಿಡಿದದ್ದು 40 ಸೆಕೆಂಡ್.

ಅದು ಫೆಬ್ರವರಿ, ಒಣ ಹವೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅಗಲಕ್ಕೆ ಕಣ್ಣಿಗೆ ಕಾಣುವಷ್ಟು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ನಾಲಿಗೆ ತನ್ನ ತೂತಿನ ಅಂಚಿಗೆ ಉಜ್ಜುತ್ತದೆ. ಆಗ ಸರಿಯಾದ ಕೀಯೂ ತಿರುಗಲು ಹಟ ಮಾಡುತ್ತದೆ. ಆಚಾರ್ರು ಪಟ್ಟಿಯ ತೂತನ್ನು ಒಂದೆಳೆ ಅಗಲ ಮಾಡಿ, ಬಾಗಿಲ ಅಂಚಿಗೆ ಸ್ವಲ್ಪ ಉಜ್ಜುಗೊರಡು ಹೊಡೆದು ಹೋಗಿದ್ದಾರೆ. ಆಷಾಢದಲ್ಲಿ ಇನ್ನೊಂದು ಸಲ ಗಡಿಯಾರ ಹಿಡಿದು ನೋಡಬೇಕು. ಟೀಚರ್ ಆಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ.