ಅದು ಬದನಿಕೆಯಲ್ಲ, ಕೊಯ್ಯಬೇಡಿ

ಹೋದ ಮೇ ತಿಂಗಳಲ್ಲಿ ಕಲಘಟಗಿ ಕಡೆಯ ರೈತರೊಬ್ಬರು ಗೊಬ್ಬರದ ಚೀಲದಲ್ಲಿ ಒಂದು ಗಿಡ ತಂದರು. ‘ಸರ್, ಆಪೂಸ್ ಗಿಡದ ಮ್ಯಾಲೆ ಇಂಥಾವು ಭಾಳ ಅದಾವ್ರಿ. ರಸಾ ಹೀರಿ ಗಿಡಾ ಒಣಗಸ್ತಾವು. ಯಾವರ ಎಣ್ಣಿ ಹೇಳ್ರಿ’ ಅಂದರು.

ಅವರು ಅದನ್ನು ಬದನಿಕೆ ಅಂದುಕೊಂಡಿದ್ದರು. ಚೀಲ ಬಿಚ್ಚಿದರೆ ವಂಡಾ ಟೆಸ್ಸೆಲೇಟಾ ಎಂಬ ಆರ್ಕಿಡ್. ಹಳದಿ, ಕಂದು ಚೌಕಳಿಯ ಎಸಳು, ನಡುವೆ ನೇರಳೆ ತುಟಿ. ಹೂ ಇನ್ನೂ ಬಾಡಿರಲಿಲ್ಲ.

ಬದನಿಕೆ ಟೊಂಗೆಯೊಳಗೇ ಬೇರು ತೂರಿಸಿ ಮರದ ನೀರು ಕದಿಯುತ್ತದೆ. ಅದು ಕೂತ ಜಾಗ ಗಂಟಿನಂತೆ ಉಬ್ಬಿರುತ್ತದೆ. ಆರ್ಕಿಡ್ ಬೇರು ಹಾಗಲ್ಲ, ತೊಗಟೆಗೆ ಸುಮ್ನೆ ಅಂಟಿಕೊಂಡಿರುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ಅವರ ಎದುರಿಗೇ ಒಂದು ಬೆಳ್ಳನೆಯ ಬೇರಿನ ಮೇಲೆ ನೀರು ಚಿಮುಕಿಸಿದೆ. ನೋಡುತ್ತಿದ್ದಂತೆ ಹಸಿರಾಯಿತು. ಬೇರಿನ ಹೊದಿಕೆ ಸ್ಪಂಜಿನಂಥದ್ದು. ಒಣಗಿದಾಗ ಗಾಳಿ ತುಂಬಿ ಬಿಳಿ, ನೀರು ಕುಡಿದಾಗ ಒಳಗಿನ ಹಸಿರು ಹೊರಗೆ. ಮಳೆ, ಇಬ್ಬನಿ, ತೊಗಟೆಯ ಸಂದಿಯಲ್ಲಿ ಕೊಳೆತ ಕಸ, ಇಷ್ಟರಲ್ಲೇ ಅದರ ಸಂಸಾರ. ಹಾಗಂತ ರೈತರನ್ನು ನೋಡಿ ನಗಲಾರೆ. ವಂಡಾ ಅನ್ನುವ ಹೆಸರು ಬಂದದ್ದೇ ಸಂಸ್ಕೃತದ ‘ವಂದಾ’ದಿಂದ. ಬದನಿಕೆಗೂ ಅದೇ ಹೆಸರಿತ್ತು!

‘ಹಂಗಾರ ಮನಿ ಮುಂದ ಕುಂಡ್ಯಾಗ ಹಚ್ಚಲೇನ್ರಿ?’ ಬೇಡ ಅಂದೆ. ಅದೇ ಮಾವಿಗೆ ತೆಂಗಿನ ನಾರಿನ ಹುರಿಯಿಂದ ಕಟ್ಟಿ, ಮಿರಗದ ಮಳೆಗೆ ಹಿಡಿದುಕೊಳ್ಳುತ್ತದೆ.

ಕುಂಡದ ಆಸೆ ನನಗೂ ಇತ್ತು. ಓದುವಾಗ ಹುಲ್ಲುಗುಡ್ಡದಿಂದ ಹ್ಯಾಬನೇರಿಯಾ ಎಂಬ ಒಂದು ನೆಲದ ಆರ್ಕಿಡ್ ಕಿತ್ತು ತಂದಿದ್ದೆ. ಮೊದಲ ಮಳೆ ಬಿದ್ದ ಮೇಲೆ ನೆಲಕ್ಕೆ ಒತ್ತಿಕೊಂಡ ಒಂದೇ ದುಂಡನೆಯ ಎಲೆ, ಅದರ ನಡುವಿನಿಂದ ಎದ್ದ ಬಿಳಿ ಹೂ. ಆ ವರ್ಷ ಕುಂಡದಲ್ಲೂ ಚೆನ್ನಾಗಿಯೇ ಇತ್ತು. ಮರುವರ್ಷ ಮಳೆ ಬಂತು, ಎಲೆ ಬರಲಿಲ್ಲ. ಮಣ್ಣು ಕೆದರಿದರೆ ಗಡ್ಡೆ ಕೊಳೆತು ಹೋಗಿತ್ತು.

ಗಿಡ ತಂದಿದ್ದೆ, ಜಾಗ ತಂದಿರಲಿಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ. ಜೋಳದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ, ಇದರಲ್ಲಿ ಇಲ್ಲ. ಮಣ್ಣಿನಲ್ಲೋ ತೊಗಟೆಯಲ್ಲೋ ಇರುವ ಒಂದು ಬಗೆಯ ಶಿಲೀಂಧ್ರ ಉಣಿಸಿದರೆ ಮಾತ್ರ ಬೀಜ ಮೊಳೆಯುತ್ತದೆ. ನೆಲದ ಆರ್ಕಿಡ್‌ಗಳಲ್ಲಿ ಎಷ್ಟೋ ಜಾತಿ ದೊಡ್ಡವಾದ ಮೇಲೂ ಆ ನಂಟು ಬಿಡುವುದಿಲ್ಲ. ಆ ಮಣ್ಣಿನ ಹದ, ಹುಲ್ಲು, ತೇವ ಕೆಟ್ಟರೆ ಶಿಲೀಂಧ್ರ ಸೊರಗುತ್ತದೆ, ಹಿಂದೆಯೇ ಹೂವೂ ಹೋಗುತ್ತದೆ.

ಧಾರವಾಡ ಇರುವುದು ಮಲೆನಾಡಿನ ಸೆರಗಿನಲ್ಲಿ. ದಕ್ಷಿಣಕ್ಕೆ ಕಲಘಟಗಿ, ಹಾನಗಲ್ ಕಡೆ ಮರದ ಆರ್ಕಿಡ್ ಜಾಸ್ತಿ. ಪೂರ್ವಕ್ಕೆ ಗದಗದತ್ತ ಹೋದಂತೆ ಮಳೆ ಕಡಿಮೆ, ಎರೆ ಭೂಮಿ, ಅವೂ ಕಡಿಮೆ. ನನ್ನ ದೊಡ್ಡ ಚಿಂತೆ ಹುಲ್ಲುಗುಡ್ಡಗಳದು. ಹ್ಯಾಬನೇರಿಯಾ ವರ್ಷದ ಬಹುಪಾಲು ನೆಲದೊಳಗೆ ಗಡ್ಡೆಯಾಗಿ ಮಲಗಿರುತ್ತದೆ. ಬೇಸಿಗೆಯಲ್ಲಿ ನೋಡಿದವರಿಗೆ ಅದು ಬೋಳು ಗುಡ್ಡ. ಜೆಸಿಬಿ ತಂದು ಸಾಲು ಗುಂಡಿ ತೋಡಿ ಸಸಿ ಹಚ್ಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮರ ಹಚ್ಚುವುದು ಪುಣ್ಯವೇ, ಆದರೆ ಎಲ್ಲ ಕಡೆಯೂ ಅಲ್ಲ.

ಕೆರೆಯಂಚಿನದೂ ಇದೇ ಪಾಡು. ಅಲ್ಲಿ ಜ್ಯೂಕ್ಸಿನ್ ಎಂಬ ಗೇಣುದ್ದದ ಆರ್ಕಿಡ್ ಚಳಿಗಾಲದಲ್ಲಿ ಹೂ ಬಿಡುತ್ತದೆ. ಎಲೆ ಹುಲ್ಲಿನ ಹಾಗೇ ಇರುವುದರಿಂದ ಮೊಣಕಾಲೂರಿ ಕೂತರೆ ಮಾತ್ರ ಸಿಗುತ್ತದೆ. ಬಿಳಿ ಹೂ, ಹಳದಿ ತುಟಿ, ಅಕ್ಕಿಕಾಳಿನಷ್ಟು. ಅದಕ್ಕೆ ಬೇಕಾದದ್ದು ನೀರೂ ಅಲ್ಲ, ಒಣ ನೆಲವೂ ಅಲ್ಲ, ನಡುವಿನ ಹಸಿ ಹುಲ್ಲು. ಕೆರೆ ಅಭಿವೃದ್ಧಿ ಅಂದ ಕೂಡಲೇ ಮೊದಲು ಹೋಗುವುದು ಆ ಪಟ್ಟಿಯೇ. ಕಲ್ಲು ಹೊದಿಸುತ್ತಾರೆ, ಮೇಲೆ ವಾಕಿಂಗ್ ದಾರಿ.

ಇಂಥದೊಂದು ಕೆರೆ ಅಭಿವೃದ್ಧಿಯ ಸಭೆಯಲ್ಲಿ ಒಂದು ಬದಿಗೆ ಹತ್ತು ಅಡಿ ಹಾಗೇ ಬಿಡಿ ಅಂತ ಕೇಳಿದೆ. ‘ಏನ್ರೀ ಸರ್, ರಾಡಿ ಉಳಸ್ರಿ ಅಂತೀರಲ್ಲ!’ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕಾಶೆಯ ಮೇಲೆ ಪೆನ್ಸಿಲ್‌ನಲ್ಲಿ ಆ ಹತ್ತು ಅಡಿ ಗೆರೆ ಎಳೆದು ಕೊಟ್ಟು ಬಂದಿದ್ದೇನೆ. ಕಲ್ಲಿನ ಲಾರಿ ಇನ್ನೂ ಬಂದಿಲ್ಲ.