ಪದ ಪರಿಚಯ: ಸಮಭಾಜಕ ನೆರಳು ಗಡಿಯಾರ

ನೆರಳು ಗಡಿಯಾರಗಳಲ್ಲಿ ಹಲವು ಬಗೆ. ಹೊತ್ತು ತೋರಿಸುವ ಪಟ್ಟಿಯನ್ನು ಭೂಮಿಯ ಸಮಭಾಜಕ ವೃತ್ತಕ್ಕೆ ಸಮಾಂತರವಾಗಿ ಕೂರಿಸಿ, ನೆರಳು ಬೀಳಿಸುವ ಸರಳನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸಿದರೆ ಅದು ಸಮಭಾಜಕ ನೆರಳು ಗಡಿಯಾರ. ಶಿಲ್ಪಿಗಳಿಗೆ ಪ್ರಿಯವಾದ ರೂಪದಲ್ಲಿ ಎರಡು ಅರ್ಧವೃತ್ತಗಳು ಒಂದಕ್ಕೊಂದು ಲಂಬವಾಗಿ ಹೆಣೆದುಕೊಂಡಿರುತ್ತವೆ. ಉತ್ತರ-ದಕ್ಷಿಣವಾಗಿ ನಿಂತ ಅರ್ಧವೃತ್ತಕ್ಕೆ ಸರಳನ್ನು ಬಿಲ್ಲಿಗೆ ಹೆದೆ ಕಟ್ಟಿದಂತೆ ಬಿಗಿದಿರುತ್ತಾರೆ. ಇನ್ನೊಂದರ ಒಳಮೈ ಮೇಲೆ ಗಂಟೆಯ ಗೀಟುಗಳು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಗೀಟುಗಳ ನಡುವಿನ ಅಂತರ ಎಲ್ಲೆಡೆ ಒಂದೇ. ನೆಲದ ಮೇಲೆ ಚಪ್ಪಟೆಯಾಗಿ ಬರೆದ ನೆರಳು ಗಡಿಯಾರಕ್ಕೆ ಈ ಸೌಲಭ್ಯವಿಲ್ಲ.

ಈ ರೂಪವನ್ನು ಆಧುನಿಕ ಶಿಲ್ಪಕಲೆಗೆ ತಂದವರಲ್ಲಿ ದೊಡ್ಡ ಹೆಸರು ಹೆನ್ರಿ ಮೂರ್. 1898ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಕ್ಯಾಸಲ್‌ಫರ್ಡ್‌ನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕನ ಮಗನಾಗಿ ಹುಟ್ಟಿದರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗ ವಿಷಾನಿಲಕ್ಕೆ ಸಿಕ್ಕಿ ಬದುಕುಳಿದು, ಲೀಡ್ಸ್‌ನಲ್ಲಿ, ನಂತರ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತರು. ಪ್ರಾಚೀನ ಮೆಕ್ಸಿಕೋದ ಒರಗಿ ಕೂತ ಮೂರ್ತಿಗಳಿಂದ ಪ್ರೇರಣೆ ಪಡೆದು, ಮಲಗಿದ ಮಾನವಾಕೃತಿಗಳನ್ನು ಜೀವನವಿಡೀ ಕೆತ್ತಿದರು, ಎರಕ ಹೊಯ್ಯಿಸಿದರು. 1948ರಲ್ಲಿ ವೆನಿಸ್ ಬಿನಾಲೆಯ ಶಿಲ್ಪ ಪ್ರಶಸ್ತಿ ಬಂತು. 1986ರಲ್ಲಿ ತೀರಿಕೊಂಡರು. ಆಕೃತಿಯ ನಡುವೆ ಕೊರೆದ ಖಾಲಿ ಜಾಗವೂ ಶಿಲ್ಪದ ಭಾಗವೇ ಎಂಬುದನ್ನು ಅವರ ಕೆಲಸ ಮತ್ತೆ ಮತ್ತೆ ತೋರಿಸುತ್ತದೆ.

ನೆರಳು ಗಡಿಯಾರಕ್ಕೆ ಇಂಥ ಕೈ ಬೇಕಿತ್ತು. ಇಲ್ಲಿ ಖಾಲಿ ಜಾಗ ಅಲಂಕಾರವಲ್ಲ, ಬೆಳಕು ಬರುವ ದಾರಿ. 1960ರ ದಶಕದಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಕಚೇರಿ ಆವರಣಕ್ಕೆ ಮೂರ್ ಕಂಚಿನದೊಂದನ್ನು ಮಾಡಿದರು. ಮುಂದೆ ಅದು ಬ್ರಸೆಲ್ಸ್‌ಗೆ ಹೋಯಿತು. ಸರಳು ನೆಲದಿಂದ ಎಷ್ಟು ಓರೆಯಾಗಿ ಏಳಬೇಕೆಂಬುದು ಊರಿನ ಅಕ್ಷಾಂಶದ ಮೇಲೆ ನಿಂತಿದೆ; ಈ ಎರಡು ಊರುಗಳ ಅಕ್ಷಾಂಶಕ್ಕೆ 1 ಡಿಗ್ರಿಯಷ್ಟೂ ಅಂತರವಿಲ್ಲ, ಹಾಗಾಗಿ ಓರೆಯ ಮಟ್ಟಿಗೆ ದೊಡ್ಡ ತೊಡಕಿಲ್ಲ. 1980ರಲ್ಲಿ ಷಿಕಾಗೋದ ಆಡ್ಲರ್ ತಾರಾಲಯದ ಮುಂದೆ ಸುಮಾರು 4 ಮೀಟರ್ ಎತ್ತರದ ‘ಮ್ಯಾನ್ ಎಂಟರ್ಸ್ ದ ಕಾಸ್ಮಾಸ್’ ನಿಂತಿತು. ಜ್ಯಾಮಿತಿಯನ್ನು ಮುಟ್ಟದೆ, ಅದನ್ನೇ ಶಿಲ್ಪವಾಗಿಸಿದ್ದು ಇವುಗಳ ಹೆಚ್ಚುಗಾರಿಕೆ.

ಅದೇ ಷಿಕಾಗೋ ಶಿಲ್ಪದ ಫೋಟೋ ನೋಡಿ ದಾವಣಗೆರೆಯ ಶಾಲಾ ಬಯಲಲ್ಲಿ ಅಂಥದ್ದೇ ಒಂದನ್ನು ಮಾಡಿಸಿದರೆ ಅದು ನೋಡಲು ಚೆಂದ, ಹೊತ್ತು ಮಾತ್ರ ತಪ್ಪು. ಸರಳಿನ ಓರೆ ಆ ಊರಿನ ಅಕ್ಷಾಂಶದಷ್ಟೇ ಇರಬೇಕು. ಷಿಕಾಗೋಗೆ ಸುಮಾರು 42 ಡಿಗ್ರಿ, ದಾವಣಗೆರೆಗೆ 14.5, ಚಿತ್ರದುರ್ಗಕ್ಕೆ 14.2. ನಮ್ಮಲ್ಲಿ ನೆಲದ ಮೇಲೆ ಅಳೆದ 1 ಮೀಟರ್ ಉದ್ದಕ್ಕೆ ಸರಳಿನ ಉತ್ತರದ ತುದಿ ಸುಮಾರು 26 ಸೆಂ.ಮೀ. ಏರಿದರೆ ಸಾಕು, ಅಲ್ಲಿ 90 ಸೆಂ.ಮೀ. ಹತ್ತಿರ ಏರಬೇಕು. 42 ಡಿಗ್ರಿಯದ್ದನ್ನು ಹಾಗೇ ತಂದು ಇಲ್ಲಿ ನಿಲ್ಲಿಸಿದರೆ ನಡುಹಗಲಿಗೆ ಸರಿ ತೋರಿಸೀತು. ಆದರೆ ಮಾರ್ಚ್ 21ರ ಸುಮಾರಿಗೆ ಬೆಳಗಿನ 9 ಗಂಟೆಗೆ 14 ನಿಮಿಷ ಹಿಂದೆ ಬೀಳುತ್ತದೆ, ಜೂನ್ 21ರ ಹೊತ್ತಿಗೆ 55 ನಿಮಿಷ!

ಓರೆ ಇಷ್ಟು ಕಡಿಮೆಯಾದರೆ ಬೇರೆಯದೇ ತೊಂದರೆ ಎದುರಾಗುತ್ತದೆ. ಸರಳು ಹೆಚ್ಚುಕಡಿಮೆ ಮಲಗಿದಂತೆ ಇರುವುದರಿಂದ ತನ್ನ ಭಾರಕ್ಕೇ ಜಗ್ಗುತ್ತದೆ. ಬಿಲ್ಲಿನ ತ್ರಿಜ್ಯ 1 ಮೀಟರ್ ಇದ್ದರೆ ಸರಳು 2 ಮೀಟರ್. ಅಷ್ಟುದ್ದದ 12 ಮಿ.ಮೀ. ಗಟ್ಟಿ ಉಕ್ಕಿನ ಸರಳನ್ನು ಎರಡು ತುದಿಗಳ ಮೇಲೆ ಸುಮ್ಮನೆ ಕೂರಿಸಿದರೆ ನಡುವೆ ಸುಮಾರು 9 ಮಿ.ಮೀ. ಇಳಿಯುತ್ತದೆ. ಇಷ್ಟು ದೊಡ್ಡ ಗಡಿಯಾರದಲ್ಲಿ ಒಂದು ನಿಮಿಷಕ್ಕೆ ಸಿಗುವ ಜಾಗ 4.4 ಮಿ.ಮೀ.; ಹಾಗಾಗಿ ಬೆಳಿಗ್ಗೆ-ಸಂಜೆ 2 ನಿಮಿಷದ ತಪ್ಪು ಬರುತ್ತದೆ. 20 ಮಿ.ಮೀ. ಹೊರವ್ಯಾಸದ, 2 ಮಿ.ಮೀ. ದಪ್ಪದ ಪೈಪ್ ಹಾಕಿದರೆ ಜಗ್ಗುವುದು 2 ಮಿ.ಮೀ.ಗೆ ಇಳಿಯುತ್ತದೆ. ತೀರಾ ಸಣ್ಣ ತಂತಿಯೂ ಬೇಡ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. 1 ಮೀಟರ್ ದೂರದಲ್ಲಿ 9 ಮಿ.ಮೀ.ಗಿಂತ ತೆಳುವಾದ ತಂತಿಯ ನೆರಳು ನಡುವೆಯೂ ಗಾಢವಾಗಿರದೆ ಮಸುಕಾಗಿಯೇ ಬೀಳುತ್ತದೆ. ಪೈಪಿನ ನೆರಳಿನ ನಟ್ಟನಡುವನ್ನು ಓದಿದರೆ ಒಂದು ನಿಮಿಷದ ಆಸುಪಾಸಿಗೆ ಹೊತ್ತು ಸಿಗುತ್ತದೆ.

ಗಂಟೆಪಟ್ಟಿಯ ಒಳಮೈಗೆ ಪಾಲಿಶ್ ಮಾಡಿಸಬಾರದು. ಒಳಬಾಗಿದ ಹೊಳೆಯುವ ಉಕ್ಕು ಬಿಸಿಲನ್ನು ಒಟ್ಟುಗೂಡಿಸಿ ಕಣ್ಣಿಗೆ ಹೊಡೆಯುತ್ತದೆ, ನೆರಳೂ ಕಾಣುವುದಿಲ್ಲ. ತಿಳಿಬಣ್ಣದ, ಹೊಳಪಿಲ್ಲದ ಮೈ ಒಳ್ಳೆಯದು. ಗೀಟುಗಳನ್ನು ಕೊರೆಸಬೇಕು, ಬಣ್ಣದಲ್ಲಿ ಎಳೆದದ್ದು ನಮ್ಮ ಬೇಸಿಗೆಗೆ ಬೇಗ ಮಾಸುತ್ತದೆ. ಜೂನ್‌ನಲ್ಲಿ ಹಗಲು ಸುಮಾರು 13 ಗಂಟೆಯಾದ್ದರಿಂದ ಪಟ್ಟಿಯನ್ನು ಎರಡೂ ಕಡೆ ಅರ್ಧವೃತ್ತಕ್ಕಿಂತ 11 ಸೆಂ.ಮೀ.ಯಷ್ಟು ಉದ್ದ ಬಿಡಿಸಿ.

ಇನ್ನು ಕೈಗಡಿಯಾರದ ಜೊತೆಗಿನ ವ್ಯತ್ಯಾಸ. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ ನಡೆಯುತ್ತವೆ. ದಾವಣಗೆರೆ 75.9ರಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ 26 ನಿಮಿಷ ತಡ, ಚಿತ್ರದುರ್ಗದಲ್ಲಿ 24. ಇದನ್ನು ಗೀಟಿನಲ್ಲೇ ಸರಿಪಡಿಸಬಹುದು: 1 ಮೀಟರ್ ತ್ರಿಜ್ಯದ ಪಟ್ಟಿಯಲ್ಲಿ 12ರ ಗೀಟನ್ನು ತಳದ ನಡುಬಿಂದುವಿನಿಂದ ಪಶ್ಚಿಮಕ್ಕೆ 11.5 ಸೆಂ.ಮೀ. ಸರಿಸಿ, ಉಳಿದವನ್ನೂ ಅಷ್ಟೇ ಸರಿಸುವುದು. ಆಮೇಲೂ ಉಳಿಯುವ ಏರುಪೇರು ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದ ಮತ್ತು ಅದರ ಅಕ್ಷ ವಾಲಿರುವುದರಿಂದ ಬರುವಂಥದ್ದು. ಫೆಬ್ರವರಿ ನಡುವೆ ನೆರಳು 14 ನಿಮಿಷ ಹಿಂದೆ, ಮೇ ನಡುವೆ 4 ನಿಮಿಷ ಮುಂದೆ, ಜುಲೈ ಕೊನೆಗೆ 6 ನಿಮಿಷ ಹಿಂದೆ, ದೀಪಾವಳಿಯ ಆಸುಪಾಸು ನವೆಂಬರ್ ಮೊದಲಲ್ಲಿ 16 ನಿಮಿಷ ಮುಂದೆ. ಈ ಲೆಕ್ಕವನ್ನು ಪಕ್ಕದ ಫಲಕದಲ್ಲಿ ಬರೆಸದಿದ್ದರೆ ನೋಡಿದವರು ಗಡಿಯಾರ ಕೆಟ್ಟಿದೆ ಎಂದೇ ಹೋಗುತ್ತಾರೆ.

ಕೂರಿಸುವಾಗ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಕೈಗಡಿಯಾರದಲ್ಲಿ 12 ಆದಾಗ ನೆರಳು 12ಕ್ಕೆ ಬರುವವರೆಗೆ ಇಡೀ ಶಿಲ್ಪವನ್ನೇ ತಿರುಗಿಸುವುದು. ಸರಳು ಉತ್ತರ ಬಿಟ್ಟಿತೆಂದರೆ ಎಲ್ಲವೂ ಕೆಟ್ಟಿತು. ಕಬ್ಬಿಣದ ಹತ್ತಿರ ದಿಕ್ಸೂಚಿಯನ್ನೂ ನಂಬುವಂತಿಲ್ಲ. ಹಳೆಯ ಶಂಕುವಿನ ವಿಧಾನವೇ ಗಟ್ಟಿ: ರಸಮಟ್ಟ ಇಟ್ಟು ಸಮ ಮಾಡಿದ ನೆಲದಲ್ಲಿ ತೂಗುಗುಂಡು ಹಿಡಿದು ನೆಟ್ಟಗೆ ಒಂದು ಗೂಟ ನೆಟ್ಟು, ಸುತ್ತ ವೃತ್ತ ಎಳೆದು, ಗೂಟದ ನೆರಳಿನ ತುದಿ ಬೆಳಿಗ್ಗೆ ವೃತ್ತದ ಒಳಗೆ ಬರುವ ಬಿಂದು, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಬಿಂದು ಎರಡನ್ನೂ ಗುರುತು ಮಾಡಿ ಸೇರಿಸಿದರೆ ಪೂರ್ವ-ಪಶ್ಚಿಮ ಸಿಗುತ್ತದೆ. ಅದಕ್ಕೆ ಮೂಲೆಮಟ್ಟ ಹಿಡಿದರೆ ಉತ್ತರ. ಜೂನ್ ಅಥವಾ ಡಿಸೆಂಬರ್ ಕೊನೆಯ ದಿನಗಳಲ್ಲಿ ಮಾಡಿದರೆ ಇದು ತುಂಬಾ ನಿಖರ, ಆಗ ಸೂರ್ಯ ಒಂದು ದಿನದಲ್ಲಿ ಉತ್ತರ-ದಕ್ಷಿಣಕ್ಕೆ ಸರಿಯುವುದು ಅತ್ಯಲ್ಪ. ಜೂನ್‌ನಲ್ಲಿ ಮೋಡ ಕಾಡುವುದರಿಂದ ನಮಗೆ ಡಿಸೆಂಬರ್ ವಾಸಿ.

ಎರೆಮಣ್ಣಿನ ನೆಲವಾದರೆ ಪಾಯ ಗರಸು ಸಿಗುವವರೆಗೆ ಇಳಿಯಲೇಬೇಕು. ಎರೆ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಪೀಠವನ್ನು ವಾಲಿಸುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ 1 ಡಿಗ್ರಿ ವಾಲಿದರೆ 4 ನಿಮಿಷ ಹೋಯಿತು. ದುರ್ಗದ ಕಡೆ ಬಂಡೆಯ ಮೇಲೆಯೇ ಕೂರಿಸಲು ಜಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ನಿಲ್ಲಿಸಿದ ಮೇಲೆ ಏಪ್ರಿಲ್ 15 ಅಥವಾ ಸೆಪ್ಟೆಂಬರ್ 1ರ ಸುಮಾರಿಗೆ ಪರೀಕ್ಷಿಸಿ. ಆಗ ಫಲಕದ ಲೆಕ್ಕ ಸೊನ್ನೆ, ದಾವಣಗೆರೆಯಲ್ಲಿ 12 ಗಂಟೆ 26 ನಿಮಿಷಕ್ಕೆ ನೆರಳು ತಳದ ನಡುವೆ ಬೀಳಬೇಕು. ದಿನವಿಡೀ ಒಂದೇ ಅಳತೆಯ ತಪ್ಪು ಬಂದರೆ ಗೀಟು ಸರಿದಿದೆ ಅಥವಾ ಪೀಠ ವಾಲಿದೆ. ನಡುಹಗಲಿಗೆ ಸರಿಯಿದ್ದು ಬೆಳಿಗ್ಗೆ-ಸಂಜೆ ತಪ್ಪಿದರೆ ಓರೆ ತಪ್ಪಿದೆ. ನಡುಹಗಲಿನ ತಪ್ಪೇ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದು, ಫಲಕದ ಲೆಕ್ಕಕ್ಕೂ ಹೊಂದದಿದ್ದರೆ ಸರಳು ಉತ್ತರಕ್ಕೆ ನೋಡುತ್ತಿಲ್ಲ.